‘ಇನ್ನು 3 ನಿಮಿಷ’ ಅನ್ನುವ ಡೌನ್‌ಲೋಡ್ ಅರ್ಧ ತಾಸು ಯಾಕೆ ತಿನ್ನುತ್ತದೆ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವುದಾದರೂ ನೆಟ್ ಸೆಂಟರ್‌ನಲ್ಲಿ ಸ್ವಲ್ಪ ಹೊತ್ತು ಕೂತರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ‘ಅಣ್ಣಾ, ಇನ್ನ ಎಷ್ಟೊತ್ತಾಗ್ತದ್ರಿ?’ ‘ಮೂರು ನಿಮಿಷ ತೋರ್ಸ್ಲಕತ್ತದ ತಮ್ಮಾ, ಕುಂದ್ರು.’ ಹತ್ತು ನಿಮಿಷ ಕಳೆದ ಮೇಲೂ ಪರದೆಯಲ್ಲಿ ಅದೇ ಮೂರು ನಿಮಿಷ. ಒಮ್ಮೆ ಎಂಟಕ್ಕೆ ಏರುತ್ತದೆ, ಥಟ್ಟನೆ ಎರಡಕ್ಕೆ ಇಳಿಯುತ್ತದೆ, ಮತ್ತೆ ಐದಕ್ಕೆ ಬಂದು ನಿಲ್ಲುತ್ತದೆ.

ಈ ಸಂಖ್ಯೆಯ ಮೇಲೆ ಜನರಿಗೆ ಸಿಟ್ಟಿದೆ. ಕಂಪ್ಯೂಟರ್ ಲೆಕ್ಕದಲ್ಲಿ ತಪ್ಪುವುದಿಲ್ಲ ಅಂತ ಕೇಳಿ ಬೆಳೆದವರು ನಾವು. ಹಾಗಿದ್ದ ಮೇಲೆ ಇಷ್ಟು ಸಣ್ಣ ಲೆಕ್ಕ ಯಾಕೆ ಕೈಕೊಡುತ್ತದೆ? ನಿಜ ಹೇಳಬೇಕೆಂದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಆ ಲೆಕ್ಕಕ್ಕೆ ಬೇಕಾದ ಒಂದು ಅಂಕಿ ಮಾತ್ರ ಯಾರ ಹತ್ತಿರವೂ ಇಲ್ಲ. ಅದು ಮುಂದಿನ ಸ್ಪೀಡ್. ಇನ್ನೂ ಬಾರದ ನಿಮಿಷಗಳಲ್ಲಿ ನೆಟ್ ಎಷ್ಟು ಜೋರಾಗಿ ಬರುತ್ತದೆ ಅಂತ ಬ್ರೌಸರ್‌ಗೂ ಗೊತ್ತಿಲ್ಲ, ಟವರ್‌ಗೂ ಗೊತ್ತಿಲ್ಲ. ಹಾಗಾಗಿ ಬ್ರೌಸರ್ ಕಳೆದ ಹೊತ್ತನ್ನು ನೋಡುತ್ತದೆ. ಮುಂದೆಯೂ ಹೀಗೇ ಇರುತ್ತದೆ ಅಂತ ಹಿಡಿದು ಒಂದು ಅಂದಾಜು ಹೇಳುತ್ತದೆ.

ಕಳೆದ ಹೊತ್ತು ಅಂದರೆ ಎಷ್ಟು ಹೊತ್ತು? ಕೊನೆಯ ಒಂದು ಸೆಕೆಂಡಾ? ಕೊನೆಯ ಒಂದು ನಿಮಿಷವಾ? ಶುರುವಾದಾಗಿನಿಂದ ಇಲ್ಲಿಯವರೆಗಾ? ಇಡೀ ವಿಷಯ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಮೊದಲು ಮೂಲ ಲೆಕ್ಕ ಮುಗಿಸಿಬಿಡೋಣ. ಬಾಕಿ ಇರುವ ಎಂಬಿಯನ್ನು ಸ್ಪೀಡ್‌ನಿಂದ ಭಾಗಿಸಿದರೆ ಬಾಕಿ ಸಮಯ ಸಿಗುತ್ತದೆ. 600 ಎಂಬಿ ಉಳಿದಿದೆ, ಸೆಕೆಂಡಿಗೆ 5 ಎಂಬಿ ಬರುತ್ತಿದೆ ಅಂದರೆ 120 ಸೆಕೆಂಡ್, ಎರಡು ನಿಮಿಷ. ಇಲ್ಲಿ ಬಹಳ ಜನ ಎಡವುವ ಒಂದು ಕಲ್ಲಿದೆ. ಪ್ಯಾಕ್ ಮಾರುವಾಗ ಹೇಳುವ ‘40 ಎಂಬಿಪಿಎಸ್’ ಬಿಟ್‌ಗಳ ಲೆಕ್ಕ. ಫೈಲಿನ ಗಾತ್ರ ಬೈಟ್‌ಗಳ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 40 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿ ಬರುತ್ತದೆ. ‘40 ಅಂತ ಹೇಳಿ 5 ಕೊಡ್ತಾರೆ’ ಅನ್ನುವ ದೂರಿನಲ್ಲಿ ಅರ್ಧಕ್ಕರ್ಧ ಈ ಎಂಟರ ಗೊಂದಲವೇ ಇರುತ್ತದೆ.

ಇನ್ನು ಸ್ಪೀಡ್ ಯಾಕೆ ಒಂದೇ ಸಮ ಇರುವುದಿಲ್ಲ ಅನ್ನುವುದು. ಮೊಬೈಲ್ ನೆಟ್ ವಿಷಯಕ್ಕೆ ಬಂದರೆ, ಒಂದು ಟವರಿನ ಕೆಳಗಿರುವ ಎಲ್ಲ ಫೋನ್‌ಗಳೂ ಗಾಳಿಯಲ್ಲಿನ ಒಂದೇ ರೇಡಿಯೋ ಅಲೆಗಳನ್ನು ಹಂಚಿಕೊಳ್ಳುತ್ತವೆ. 4ಜಿಯಲ್ಲಿ ಯಾವ ಫೋನಿಗೆ ಎಷ್ಟು ಪಾಲು ಅಂತ ಟವರ್ ಪ್ರತಿ ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿಗೆ ಸಾವಿರ ಸಲ, ಹೊಸದಾಗಿ ತೀರ್ಮಾನ ಮಾಡುತ್ತದೆ. ರಾತ್ರಿ ಊಟ ಮುಗಿಸಿ ಇಡೀ ಓಣಿ ವಿಡಿಯೋ ನೋಡಲು ಕೂತಾಗ ನಿಮ್ಮ ಪಾಲು ಸಣ್ಣದಾಗುತ್ತದೆ. ಸಿಗ್ನಲ್ ಚೆನ್ನಾಗಿದ್ದಾಗ ಒಂದೊಂದು ಅಲೆಯ ಮೇಲೆ ಜಾಸ್ತಿ ಬಿಟ್‌ಗಳನ್ನು ಹೇರಿ ಕಳಿಸಬಹುದು. ಸಿಗ್ನಲ್ ಕುಗ್ಗಿದರೆ ತಪ್ಪಾಗದಂತೆ ಕಡಿಮೆ ಬಿಟ್‌ಗಳನ್ನು ಹೇರಬೇಕು. ಫೋನ್ ಹಿಡಿದು ಅಂಗಳದಿಂದ ದಪ್ಪ ಗೋಡೆಯ ಒಳಮನೆಗೆ ಹೋದರೂ ಸಾಕು, ಸ್ಪೀಡ್ ಬದಲಾಗುತ್ತದೆ.

ಯಾದಗಿರಿಯಲ್ಲಿ ರೈಲು ಹತ್ತಿ, ಫೋನಿನಲ್ಲಿ ಒಂದು ದೊಡ್ಡ ಫೈಲ್ ಇಳಿಸಲು ಹಾಕಿ, ವಾಡಿ, ಶಹಾಬಾದ್ ದಾಟಿ ಕಲಬುರಗಿಗೆ ಬರುವವರೆಗೆ ಬಾಕಿ ಸಮಯವನ್ನೇ ನೋಡುತ್ತಾ ಕೂತರೆ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಊರು ಹತ್ತಿರವಾದಾಗ ಟವರ್‌ಗಳು ಸಿಗುತ್ತವೆ, ಸಮಯ ಇಳಿಯುತ್ತದೆ. ತೊಗರಿ ಹೊಲಗಳ ನಡುವೆ ಒಂದು ಟವರ್ ಬಿಟ್ಟು ಇನ್ನೊಂದು ಹಿಡಿಯುವಾಗ ಬರುವುದು ನಿಂತೇ ಹೋದಂತಾಗುತ್ತದೆ. ಆಗ ಪರದೆಯ ಸಂಖ್ಯೆ ಏರಿ ಕೂತುಬಿಡುತ್ತದೆ.

ಇದು ಹೊರಗಿನ ಕಾರಣ. ಒಳಗೂ ಒಂದು ಕಾರಣ ಇದೆ, ಅದು ನನಗೆ ಇನ್ನೂ ಆಸಕ್ತಿಯದ್ದು. ಇಂಟರ್ನೆಟ್ಟಿನಲ್ಲಿ ಫೈಲ್ ಸಾಗಿಸುವ ಟಿಸಿಪಿ ಅನ್ನುವ ವ್ಯವಸ್ಥೆ ಬೇಕಂತಲೇ ಸ್ಪೀಡ್ ಏರಿಳಿಸುತ್ತದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ ನಡುವಿನ ಸಂಪರ್ಕ ಕುಸಿದುಬಿದ್ದಿತು. ನಡುವಿನ ದೂರ ಬರೀ 400 ಗಜ. ಸ್ಪೀಡ್ ಮಾತ್ರ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಇಳಿಯಿತು. ದಾರಿ ಕಿಕ್ಕಿರಿದಿದ್ದರೂ ಎಲ್ಲ ಕಂಪ್ಯೂಟರ್‌ಗಳೂ ಕಳೆದುಹೋದದ್ದನ್ನು ಮತ್ತೆ ಮತ್ತೆ ಕಳಿಸುತ್ತಾ ದಟ್ಟಣೆಯನ್ನು ಇನ್ನೂ ಹೆಚ್ಚಿಸುತ್ತಿದ್ದವು. ಆ ಪ್ರಯೋಗಾಲಯದ ಸಂಶೋಧಕ ವ್ಯಾನ್ ಜೇಕಬ್ಸನ್ ಇದನ್ನು ಕೂಲಂಕಷವಾಗಿ ನೋಡಿ, 1988ರಲ್ಲಿ ಪರಿಹಾರ ಬರೆದರು. ಶುರುವಿನಲ್ಲಿ ಸ್ವಲ್ಪವೇ ಕಳಿಸು. ಸರಿಯಾಗಿ ತಲುಪಿದರೆ ದುಪ್ಪಟ್ಟು ಕಳಿಸು. ಒಂದು ಹಂತ ದಾಟಿದ ಮೇಲೆ ನಿಧಾನಕ್ಕೆ ಏರಿಸು. ಏನಾದರೂ ಕಳೆದುಹೋದರೆ ದಾರಿ ತುಂಬಿದೆ ಅಂತ ತಿಳಿದು ತಟ್ಟನೆ ಇಳಿಸು, ಮತ್ತೆ ಏರು. ಇಂದಿನ ಇಂಟರ್ನೆಟ್ ನಡೆಯುತ್ತಿರುವುದು ಇದೇ ತಳಹದಿಯ ಮೇಲೆ.

ಹಾಗಾಗಿ ಡೌನ್‌ಲೋಡ್ ಶುರುವಾದ ಮೊದಲ ಗಳಿಗೆಯಲ್ಲಿ ಸ್ಪೀಡ್ ಕಡಿಮೆ ಇದ್ದೇ ಇರುತ್ತದೆ. ಆಗ ತೋರಿಸುವ ‘ಇನ್ನು 2 ತಾಸು’ ಅನ್ನುವುದಕ್ಕೆ ಯಾವ ಬೆಲೆಯೂ ಇಲ್ಲ. ಡಬ್ಲ್ಯೂಗೆಟ್ ಅನ್ನುವ ಹಳೆಯ, ಗಟ್ಟಿ ಡೌನ್‌ಲೋಡ್ ತಂತ್ರಾಂಶ ಮೊದಲ ಮೂರು ಸೆಕೆಂಡ್ ಬಾಕಿ ಸಮಯವನ್ನು ತೋರಿಸುವುದೇ ಇಲ್ಲ. ಗೊತ್ತಿಲ್ಲದಾಗ ಸುಮ್ನೆ ಇರುವುದು ಒಳ್ಳೆಯದು ಅಂತ ಅದನ್ನು ಬರೆದವರು ತೀರ್ಮಾನಿಸಿದ್ದಾರೆ. ಸರಿಯಾದ ತೀರ್ಮಾನ.

ಈಗ ಒಂದು ಡೌನ್‌ಲೋಡನ್ನು ಹತ್ತಿರದಿಂದ ನೋಡೋಣ. ಸಿಇಟಿಗೆ ಓದುತ್ತಿರುವ ಹುಡುಗಿಯೊಬ್ಬಳು 900 ಎಂಬಿಯ ಪಾಠದ ವಿಡಿಯೋ ಇಳಿಸುತ್ತಿದ್ದಾಳೆ ಅಂದುಕೊಳ್ಳಿ. ಮೊದಲ 60 ಸೆಕೆಂಡ್ ಸ್ಪೀಡ್ ಸೆಕೆಂಡಿಗೆ 5 ಎಂಬಿ ಇತ್ತು. 300 ಎಂಬಿ ಬಂತು. ಆಮೇಲೆ ಸ್ಪೀಡ್ ಒಮ್ಮೆಲೇ 1 ಎಂಬಿಗೆ ಇಳಿಯಿತು. ಇಳಿದು 10 ಸೆಕೆಂಡ್ ಆಗಿದೆ. ಅಂದರೆ 70 ಸೆಕೆಂಡಿನಲ್ಲಿ 310 ಎಂಬಿ ಬಂದಿದೆ, 590 ಎಂಬಿ ಬಾಕಿ ಇದೆ. ಈಗ ಎಷ್ಟು ಹೊತ್ತು ಬೇಕು ಅಂತ ಮೂರು ತಂತ್ರಾಂಶಗಳನ್ನು ಕೇಳೋಣ.

ಮೊದಲನೆಯದು ಈ ಗಳಿಗೆಯ ಸ್ಪೀಡನ್ನು ಮಾತ್ರ ನಂಬುತ್ತದೆ. 590ನ್ನು 1ರಿಂದ ಭಾಗಿಸಿ 590 ಸೆಕೆಂಡ್, ಹತ್ತಿರ ಹತ್ತಿರ 10 ನಿಮಿಷ ಅನ್ನುತ್ತದೆ. ಎರಡನೆಯದು ಶುರುವಿನಿಂದ ಇಲ್ಲಿಯವರೆಗಿನ ಸರಾಸರಿಯನ್ನು ನಂಬುತ್ತದೆ. 310ನ್ನು 70ರಿಂದ ಭಾಗಿಸಿದರೆ ಸೆಕೆಂಡಿಗೆ 4.43 ಎಂಬಿ. ಆ ಲೆಕ್ಕದಲ್ಲಿ 133 ಸೆಕೆಂಡ್, ಎರಡೂಕಾಲು ನಿಮಿಷಕ್ಕೂ ಕಡಿಮೆ. ಮೂರನೆಯದು ನಡುದಾರಿ ಹಿಡಿಯುತ್ತದೆ. ಅದು ಪ್ರತಿ ಸೆಕೆಂಡಿಗೂ ತನ್ನ ಹಳೆಯ ಅಂದಾಜಿನ ನೂರಕ್ಕೆ 90 ಪಾಲು ಉಳಿಸಿಕೊಂಡು, ಹೊಸ ಸ್ಪೀಡಿನ 10 ಪಾಲು ಸೇರಿಸಿಕೊಳ್ಳುತ್ತದೆ. 5 ಇದ್ದದ್ದು ಮೊದಲ ಸೆಕೆಂಡಿಗೆ 4.6 ಆಗುತ್ತದೆ, ಎರಡನೆಯ ಸೆಕೆಂಡಿಗೆ 4.24, ಹೀಗೆ ಇಳಿಯುತ್ತಾ ಹತ್ತನೆಯ ಸೆಕೆಂಡಿಗೆ ಸುಮಾರು 2.4ಕ್ಕೆ ಬರುತ್ತದೆ. ಅದರ ಉತ್ತರ 246 ಸೆಕೆಂಡ್, ನಾಲ್ಕು ನಿಮಿಷದ ಮೇಲೆ ಸ್ವಲ್ಪ.

ಒಂದೇ ಗಳಿಗೆ, ಒಂದೇ ಫೈಲು, ಮೂರು ಉತ್ತರ. ಇದರಲ್ಲಿ ಯಾವುದು ಸರಿ?

ಸ್ಪೀಡ್ ಮುಂದೆ 1 ಎಂಬಿಯಲ್ಲೇ ಉಳಿದುಬಿಟ್ಟರೆ ಮೊದಲನೆಯದು ಪೂರ್ತಿ ಸರಿ, ಉಳಿದೆರಡೂ ತಪ್ಪು. ಇನ್ನು 50 ಸೆಕೆಂಡ್ ಹೀಗೇ ಇದ್ದು ಆಮೇಲೆ ಮತ್ತೆ 5 ಎಂಬಿಗೆ ಏರಿದರೆ? ಆ 50 ಸೆಕೆಂಡಿನಲ್ಲಿ 50 ಎಂಬಿ ಬರುತ್ತದೆ, ಉಳಿದ 540 ಎಂಬಿಗೆ 108 ಸೆಕೆಂಡ್, ಒಟ್ಟು 158 ಸೆಕೆಂಡ್. ಆಗ 133 ಅಂದ ಎರಡನೆಯದೇ ಸತ್ಯಕ್ಕೆ ಹತ್ತಿರ, 590 ಅಂದ ಮೊದಲನೆಯದು ಎಲ್ಲಿಂದೆಲ್ಲಿಗೋ. ಯಾವ ವಿಧಾನ ಒಳ್ಳೆಯದು ಅನ್ನುವುದನ್ನು ನಿರ್ಧರಿಸುವುದು ಇನ್ನೂ ನಡೆಯದ ಸಂಗತಿ. ಎಷ್ಟು ಬುದ್ಧಿವಂತ ಎಂಜಿನಿಯರ್ ಬಂದರೂ ಇದನ್ನು ದಾಟಲು ಆಗುವುದಿಲ್ಲ.

ಆದರೂ ಎಂಜಿನಿಯರ್‌ಗಳು ಏನಾದರೊಂದನ್ನು ಆರಿಸಲೇಬೇಕಲ್ವಾ? ಡಬ್ಲ್ಯೂಗೆಟ್ ಬಾಕಿ ಸಮಯಕ್ಕೆ ಪೂರ್ತಿ ಸರಾಸರಿಯನ್ನು ಬಳಸುತ್ತದೆ. ಪರದೆಯಲ್ಲಿ ತೋರಿಸುವ ಸ್ಪೀಡ್ ಮಾತ್ರ ಕೊನೆಯ ಸುಮಾರು ಮೂರು ಸೆಕೆಂಡಿನದು. ಅದರ ಕೋಡ್ ಯಾರು ಬೇಕಾದರೂ ಓದಬಹುದು. ಇತ್ತೀಚಿನ ಸ್ಪೀಡ್ ಹಿಡಿದು ಬಾಕಿ ಸಮಯ ಹೇಳಿಸಿ ನೋಡಿದೆ, ಸಂಖ್ಯೆ ಕುಣಿದಾಡಿತು, ನಂಬಲಿಕ್ಕೆ ಆಗಲಿಲ್ಲ ಅಂತ ಬರೆದವರೇ ಅಲ್ಲಿ ಟಿಪ್ಪಣಿ ಹಾಕಿದ್ದಾರೆ. ಕರ್ಲ್ ಅನ್ನುವ ಇನ್ನೊಂದು ತಂತ್ರಾಂಶ ಈಗಿನ ಸ್ಪೀಡ್ ಅಂತ ಕೊನೆಯ ಐದು ಸೆಕೆಂಡಿನ ಸರಾಸರಿ ತೋರಿಸುತ್ತದೆ. ಇವುಗಳಲ್ಲಿ ಸ್ಪೀಡ್ ಒಂದು ಹೇಳುತ್ತದೆ, ಸಮಯ ಇನ್ನೊಂದು ಹೇಳುತ್ತದೆ ಅಂತ ಕೆಲವರು ಗಾಬರಿಯಾಗುತ್ತಾರೆ. ಎರಡರ ಹಿಂದೆಯೂ ಬೇರೆ ಬೇರೆ ನೆನಪು ಇದೆ, ಅಂದರೆ ಒಂದೊಂದು ಬೇರೆ ಬೇರೆ ಹೊತ್ತಿನಷ್ಟು ಹಿಂದಕ್ಕೆ ನೋಡುತ್ತದೆ, ಅಷ್ಟೇ.

ಮೂರನೆಯ ವಿಧಾನಕ್ಕೆ ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗ್ ಅಂತ ಹೆಸರು. 1950ರ ದಶಕದಲ್ಲಿ ರಾಬರ್ಟ್ ಬ್ರೌನ್, ಚಾರ್ಲ್ಸ್ ಹೋಲ್ಟ್ ಇದನ್ನು ಸರಕಿನ ಬೇಡಿಕೆ ಅಂದಾಜು ಮಾಡಲು ಬೆಳೆಸಿದರು. ಮುಂದಿನ ತಿಂಗಳು ಎಷ್ಟು ಮಾಲು ಹೋಗಬಹುದು, ಗೋದಾಮಿನಲ್ಲಿ ಎಷ್ಟು ಇಟ್ಟುಕೊಳ್ಳಬೇಕು ಅನ್ನುವ ಲೆಕ್ಕ. ಇದರ ಚೆಲುವು ಇರುವುದು ಮರೆಯುವ ರೀತಿಯಲ್ಲಿ. ಹಳೆಯದು ಒಮ್ಮೆಲೇ ಅಳಿಸಿಹೋಗುವುದಿಲ್ಲ, ಪ್ರತಿ ಹೆಜ್ಜೆಗೂ ಸ್ವಲ್ಪ ಸ್ವಲ್ಪ ಮಸುಕಾಗುತ್ತದೆ. 90-10ರ ಪಾಲಿನಲ್ಲಿ ಆರೇಳು ಸೆಕೆಂಡಿಗೆ ಹಳೆಯದರ ತೂಕ ಅರ್ಧವಾಗುತ್ತದೆ. 20 ಸೆಕೆಂಡಿಗೆ ಎಂಟನೇ ಒಂದು ಪಾಲೂ ಉಳಿಯುವುದಿಲ್ಲ. ನೆನಪಿಟ್ಟುಕೊಳ್ಳಬೇಕಾದ್ದು ಒಂದೇ ಒಂದು ಸಂಖ್ಯೆ. ಹಾಗಾಗಿ ಸಣ್ಣ ಮಶೀನಿನಲ್ಲೂ ಸಲೀಸಾಗಿ ನಡೆಯುತ್ತದೆ. ಟಿಸಿಪಿ ಕೂಡ ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ಸಣ್ಣ ತುಂಡು, ಹೋಗಿ ಉತ್ತರ ಬರಲು ಎಷ್ಟು ಹೊತ್ತು ಬೇಕು ಅಂತ ಅಂದಾಜಿಸುವಾಗ ಇದೇ ಲೆಕ್ಕ ಹಾಕುತ್ತದೆ. ಹಳೆಯ ಅಂದಾಜಿಗೆ ಎಂಟರಲ್ಲಿ ಏಳು ಪಾಲು, ಹೊಸ ಅಳತೆಗೆ ಒಂದು ಪಾಲು.

ಇದನ್ನು ಬರೆಯುವವರು ಒಂದು ಕಡೆ ಜಾರುವುದುಂಟು. ಹತ್ತು ಪಾಲು ಸೇರಿಸುವುದನ್ನು ಪ್ರತಿ ಸೆಕೆಂಡಿಗೆ ಮಾಡುವ ಬದಲು ಪ್ರತಿ ತುಂಡು ಬಂದಾಗ ಮಾಡುತ್ತಾರೆ. ನೆಟ್ ಜೋರಾಗಿದ್ದಾಗ ಸೆಕೆಂಡಿಗೆ ನೂರು ತುಂಡು ಬರುತ್ತವೆ, ನಿಧಾನವಾದಾಗ ಎರಡೇ. ಆಗ ಜೋರಾದ ಹೊತ್ತಿಗೆ ನೂರು ವೋಟು, ನಿಧಾನದ ಹೊತ್ತಿಗೆ ಎರಡು ವೋಟು. ಸರಾಸರಿ ಯಾವಾಗಲೂ ಖುಷಿಯ ಕಡೆ ವಾಲಿಬಿಡುತ್ತದೆ, ಬಾಕಿ ಸಮಯ ಯಾವಾಗಲೂ ಕಡಿಮೆ ತೋರುತ್ತದೆ. ಪರಿಹಾರ ಸುಲಭ. ಎಷ್ಟು ಸಮಯ ಕಳೆದಿದೆಯೋ ಅದಕ್ಕೆ ತಕ್ಕಂತೆ ಮರೆಯಬೇಕು, ಎಷ್ಟು ತುಂಡು ಬಂದವು ಅನ್ನುವುದಕ್ಕೆ ತಕ್ಕಂತೆ ಮರೆಯಬಾರದು.

ನಿಧಾನದ ಹೊತ್ತನ್ನು ಹಗುರವಾಗಿ ತಗೊಂಡರೆ ಎಷ್ಟು ಕೆಡುತ್ತದೆ ಅನ್ನುವುದನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ನಮ್ಮ ಮನಸ್ಸು ಇಲ್ಲೇ ಮೋಸ ಹೋಗುವುದು. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರಿಗೆ ಹೋಗುವ ಬಸ್ಸನ್ನು ತಗೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ದಾರಿ 120 ಕಿಲೋಮೀಟರ್ ಅನ್ನೋಣ. ಮೊದಲ 60 ಕಿ.ಮೀ. ಗಂಟೆಗೆ 60ರಂತೆ ಓಡಿತು. ಉಳಿದ 60 ಕಿ.ಮೀ. ರಸ್ತೆ ಕೆಲಸ ನಡೆದಿದ್ದಕ್ಕೆ ಗಂಟೆಗೆ 20ರಂತೆ ಹೋಯಿತು. ಸರಾಸರಿ ಎಷ್ಟು? 60 ಮತ್ತು 20 ಕೂಡಿಸಿ ಅರ್ಧ ಮಾಡಿ 40 ಅನ್ನುವವರೇ ಜಾಸ್ತಿ. ಆದರೆ ಮೊದಲರ್ಧಕ್ಕೆ ಒಂದು ತಾಸು, ಎರಡನೆಯ ಅರ್ಧಕ್ಕೆ ಮೂರು ತಾಸು. 120 ಕಿ.ಮೀ.ಗೆ ನಾಲ್ಕು ತಾಸು. ಸರಾಸರಿ 30. ನಿಧಾನ ಅನ್ನುವುದು ದಾರಿಯಲ್ಲಿ ಅರ್ಧವೇ ಇದ್ದರೂ ಸಮಯದಲ್ಲಿ ಮುಕ್ಕಾಲು ಪಾಲು ತಿಂದುಬಿಟ್ಟಿತು. ಡೌನ್‌ಲೋಡಿನಲ್ಲೂ ಹೀಗೇ. ಒಂದು ಅರ್ಧ ಫೈಲ್ 4 ಎಂಬಿ ಸ್ಪೀಡಿನಲ್ಲಿ, ಇನ್ನೊಂದು ಅರ್ಧ 1 ಎಂಬಿ ಸ್ಪೀಡಿನಲ್ಲಿ ಬಂದರೆ ಸರಾಸರಿ 2.5 ಆಗುವುದಿಲ್ಲ, 1.6 ಆಗುತ್ತದೆ. ಏರಿಳಿತ ಜಾಸ್ತಿಯಾದಷ್ಟೂ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅದಕ್ಕೇ ಬಾಕಿ ಸಮಯದ ಅಂದಾಜು ತಪ್ಪಿದರೆ ಹೆಚ್ಚಾಗಿ ನಮಗೆ ನಷ್ಟವಾಗುವ ಕಡೆಗೇ ತಪ್ಪುತ್ತದೆ.

ವಿಡಿಯೋ ಆ್ಯಪ್‌ಗಳು ಇದನ್ನು ಬೇರೆ ದಾರಿಯಲ್ಲಿ ಬಗೆಹರಿಸಿಕೊಂಡಿವೆ. ಅನೇಕ ಆಂಡ್ರಾಯ್ಡ್ ಆ್ಯಪ್‌ಗಳ ಒಳಗಿರುವ, ವಿಡಿಯೋ ನಡೆಸುವ ಎಕ್ಸೋಪ್ಲೇಯರ್ ಅನ್ನುವ ತಂತ್ರಾಂಶ ಸ್ಪೀಡ್ ಅಂದಾಜು ಮಾಡುವಾಗ ಸರಾಸರಿಯನ್ನು ಬಿಟ್ಟು ನಡುವಿನ ಬೆಲೆಯನ್ನು ತಗೊಳ್ಳುತ್ತದೆ. 1, 1, 1, 1, 21 ಅಂತ ಐದು ಅಳತೆ ಬಂದವು ಅನ್ನಿ. ಸರಾಸರಿ 5 ಆಗುತ್ತದೆ. ಸಾಲಾಗಿ ಜೋಡಿಸಿ ನಡುವಿನದನ್ನು ನೋಡಿದರೆ 1. ಒಂದು ಗಳಿಗೆ ಸಿಕ್ಕ ಜೋರು ಸ್ಪೀಡಿಗೆ ಅದು ಮರುಳಾಗುವುದಿಲ್ಲ. ಅಂದಾಜು ಕಡಿಮೆ ಬಂದರೆ ಚಿತ್ರ ಸ್ವಲ್ಪ ಮಸುಕಾಗಿ ಬರುತ್ತದೆ. ಜಾಸ್ತಿ ಬಂದರೆ ವಿಡಿಯೋ ನಡುವೆಯೇ ನಿಂತು ಸುತ್ತಲು ಶುರು ಮಾಡುತ್ತದೆ. ಎರಡರಲ್ಲಿ ಯಾವುದು ಜಾಸ್ತಿ ಕೆಟ್ಟದ್ದು ಅಂತ ಮೊದಲೇ ಗೊತ್ತಿರುವುದರಿಂದ ಅವರಿಗೆ ಆಯ್ಕೆ ಸುಲಭ.

ಕೆಲವು ಸಲ ಬಾಕಿ ಸಮಯ ತೋರುವುದೇ ಇಲ್ಲ. ಸರ್ವರ್ ಫೈಲಿನ ಒಟ್ಟು ಗಾತ್ರ ಹೇಳದಿದ್ದರೆ ಬಾಕಿ ಎಷ್ಟು ಅಂತಲೇ ಗೊತ್ತಾಗುವುದಿಲ್ಲ. ಹಲವು ಫೈಲ್‌ಗಳನ್ನು ಆಗಲೇ ಜಿಪ್ ಮಾಡುತ್ತಾ ಕಳಿಸುವ ಕಡೆ ಹೀಗಾಗುತ್ತದೆ. ಇನ್ನು ಸ್ಪೀಡ್ ಸೊನ್ನೆಯಾದರೆ ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಕ್ಯೂಬಿಟ್‌ಟೊರೆಂಟ್‌ನಂಥ ಡೌನ್‌ಲೋಡ್ ತಂತ್ರಾಂಶಗಳು ಆಗ ಅಡ್ಡ ಮಲಗಿದ ಎಂಟರಂತಿರುವ ಅನಂತದ ಗುರುತು ಹಾಕುತ್ತವೆ. ಅದು ನೇರವಾದ ಮಾತು, ನನಗೆ ಅದು ಇಷ್ಟ.

ನನಗೆ ಇಷ್ಟವಾಗದ ಒಂದು ಆಯ್ಕೆಯ ಬಗ್ಗೆಯೂ ಹೇಳಬೇಕು. ಫೈರ್‌ಫಾಕ್ಸ್ ಬ್ರೌಸರಿನ ಕೋಡ್‌ನಲ್ಲಿ ಎರಡು ಪದರ ಇದೆ. ಮೊದಲು ಸ್ಪೀಡನ್ನು ಮೇಲೆ ಹೇಳಿದಂತೆ 90-10ರ ಪಾಲಿನಲ್ಲಿ ನಯ ಮಾಡುತ್ತದೆ. ಆಮೇಲೆ ಆ ಸ್ಪೀಡಿನಿಂದ ಬಂದ ಸಮಯವನ್ನೂ ಇನ್ನೊಮ್ಮೆ ನಯ ಮಾಡುತ್ತದೆ. ಈ ಎರಡನೆಯ ಸಲ ಏರುವುದಕ್ಕೂ ಇಳಿಯುವುದಕ್ಕೂ ಬೇರೆ ಬೇರೆ ನಿಯಮ. ಸಮಯ ಕಡಿಮೆಯಾಗುವ ಸುದ್ದಿ ಬಂದರೆ ವ್ಯತ್ಯಾಸದ ಶೇ. 30ರಷ್ಟು ತೋರಿಸುತ್ತದೆ. ಜಾಸ್ತಿಯಾಗುವ ಸುದ್ದಿ ಬಂದರೆ ಶೇ. 10ರಷ್ಟು ಮಾತ್ರ. 7 ನಿಮಿಷ ತೋರುತ್ತಿದ್ದಾಗ ಹೊಸ ಲೆಕ್ಕ 5 ಅಂದರೆ ಆ ಹೆಜ್ಜೆಯಲ್ಲಿ 36 ಸೆಕೆಂಡ್ ಇಳಿಸುತ್ತದೆ. 2 ನಿಮಿಷ ತೋರುತ್ತಿದ್ದಾಗ ಹೊಸ ಲೆಕ್ಕ 7 ಅಂದರೆ ವ್ಯತ್ಯಾಸ 5 ನಿಮಿಷವಿದ್ದರೂ ಏರಿಸುವುದು 30 ಸೆಕೆಂಡ್. ವ್ಯತ್ಯಾಸ ತೀರಾ ಸಣ್ಣದಿದ್ದರೆ ಹಳೆಯ ಸಮಯದಿಂದಲೇ ಒಂದು ಸೆಕೆಂಡಿನ ಚೂರನ್ನು ಕಳೆದು, ಕೆಲಸ ಮುಂದೆ ಸಾಗುತ್ತಿದೆ ಅನ್ನಿಸುವಂತೆ ಮಾಡುತ್ತದೆ.

ಇದರ ಉದ್ದೇಶ ನನಗೆ ಅರ್ಥವಾಗುತ್ತದೆ. ಸಂಖ್ಯೆ ಏರುವುದನ್ನು ನೋಡಲು ಯಾರಿಗೂ ಇಷ್ಟವಿಲ್ಲ. ಹತ್ತಾರು ಪುಟ್ಟ ಏರಿಳಿತಗಳನ್ನು ಇದು ಚೆನ್ನಾಗಿ ಮುಚ್ಚುತ್ತದೆ ಕೂಡ. ಆದರೆ ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ನೆಟ್ ಸೆಂಟರ್‌ನಲ್ಲಿ ಕೂತಿರುವ ಹುಡುಗನಿಗೆ, ಗುರುಮಠಕಲ್‌ನಿಂದ ಅರ್ಜಿ ಫಾರಂ ಇಳಿಸಲು ಅಂತಲೇ ಯಾದಗಿರಿಗೆ ಬಂದಿರುವ ಅಕ್ಕನಿಗೆ, ಕೆಟ್ಟ ಸುದ್ದಿ ಎಷ್ಟು ಬೇಗ ಗೊತ್ತಾದರೆ ಅಷ್ಟು ಒಳ್ಳೆಯದು. ಬೇಗ ಗೊತ್ತಾದರೆ ಎದ್ದು ಬೇರೆ ಕೆಲಸ ನೋಡಬಹುದು, ಬೇರೆ ಸಿಮ್ ಹಾಕಿ ನೋಡಬಹುದು. ಒಳ್ಳೆಯ ಸುದ್ದಿ ತಡವಾಗಿ ಬಂದರೆ ಏನೂ ಹೋಗುವುದಿಲ್ಲ. ನನ್ನ ಕೈಯಲ್ಲಿದ್ದರೆ ಆ 30 ಮತ್ತು 10ನ್ನು ಅದಲು ಬದಲು ಮಾಡುತ್ತಿದ್ದೆ.

ಇನ್ನು ನಮ್ಮ ಕಡೆ ದಿನಾ ಕಾಣುವ ಸಂಗತಿಗೆ ಬರುತ್ತೇನೆ. ಬಾಕಿ ಸಮಯ ಅತಿ ಕೆಟ್ಟದಾಗಿ ಸೋಲುವುದು ಇಲ್ಲಿ. ದಿನಕ್ಕೆ 1.5 ಜಿಬಿ ಅನ್ನುವ ಪ್ರಿಪೇಯ್ಡ್ ಪ್ಯಾಕ್ ಹಾಕಿಸಿದ್ದೀರಿ. ಇವತ್ತಿನ ಪಾಲಿನಲ್ಲಿ 200 ಎಂಬಿ ಉಳಿದಿದೆ. 700 ಎಂಬಿಯ ಫೈಲ್ ಹಾಕಿದಿರಿ, ಸ್ಪೀಡ್ ಸೆಕೆಂಡಿಗೆ 3 ಎಂಬಿ. ಫೋನ್ ‘ಇನ್ನು 4 ನಿಮಿಷ’ ಅನ್ನುತ್ತದೆ. 67 ಸೆಕೆಂಡ್ ಆಗುವಷ್ಟರಲ್ಲಿ 200 ಎಂಬಿ ಮುಗಿಯುತ್ತದೆ. ಆಮೇಲೆ ಬಹಳಷ್ಟು ಪ್ಯಾಕ್‌ಗಳಲ್ಲಿ ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಅಂದರೆ ಸೆಕೆಂಡಿಗೆ 8 ಕೆಬಿ. ಉಳಿದ 500 ಎಂಬಿಗೆ ಆ ಲೆಕ್ಕದಲ್ಲಿ 62,500 ಸೆಕೆಂಡ್ ಬೇಕು. 17 ತಾಸಿಗೂ ಜಾಸ್ತಿ.

ಇಲ್ಲಿ ನಮ್ಮ ಮೂರು ವಿಧಾನಗಳನ್ನು ಮತ್ತೆ ಕೇಳಿ ನೋಡಿ. ಈ ಗಳಿಗೆಯ ಸ್ಪೀಡ್ ನಂಬುವುದು ಕೂಡಲೇ ‘17 ತಾಸು’ ಅನ್ನುತ್ತದೆ, ಅದೇ ನಿಜ. ನಡುದಾರಿಯದು ಒಂದು ನಿಮಿಷದಲ್ಲಿ ‘10 ತಾಸು’ ದಾಟಿ ನಿಜದ ಕಡೆ ಹೊರಟಿರುತ್ತದೆ. ಪೂರ್ತಿ ಸರಾಸರಿಯದು ಆ ಹೊತ್ತಿಗೆ ಇನ್ನೂ ‘5 ನಿಮಿಷ’ ಅನ್ನುತ್ತಿರುತ್ತದೆ. ಒಂದು ತಾಸು ಕಾದ ಮೇಲೂ ಅದು ‘2 ತಾಸು’ ಅನ್ನುತ್ತದೆ. ಆಗ ನಿಜಕ್ಕೂ ಬೇಕಾದದ್ದು 16 ತಾಸಿನ ಮೇಲೆ. ಮೊದಲ ಒಂದು ನಿಮಿಷದ ಜೋರನ್ನು ಅದು ತಾಸುಗಟ್ಟಲೆ ಮರೆಯುವುದೇ ಇಲ್ಲ.

ಹಾಗಾದರೆ ಸ್ಪೀಡ್ ಬದಲಾಗುವುದರಲ್ಲಿ ಎರಡು ಬಗೆ ಇದೆ ಅಂತಾಯಿತು. ಒಂದು ಬರೀ ಅಲುಗಾಟ, ಒಂದು ಮಟ್ಟದ ಸುತ್ತ ಏರಿ ಇಳಿಯುತ್ತಿರುತ್ತದೆ. ಅದಕ್ಕೆ ಉದ್ದ ನೆನಪು ಬೇಕು, ಪೂರ್ತಿ ಸರಾಸರಿ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನೊಂದು ಮಟ್ಟವೇ ಬದಲಾಗುವುದು. ಡೇಟಾ ಮುಗಿಯಿತು, ವೈಫೈ ಬಿಟ್ಟು ಮೊಬೈಲ್ ನೆಟ್‌ಗೆ ಬಂತು, ಕರೆಂಟ್ ಹೋಗಿ ರೂಟರ್ ಆರಿ ಹಾಟ್‌ಸ್ಪಾಟ್‌ಗೆ ಹೊರಳಿದಿರಿ. ಅದಕ್ಕೆ ಗಿಡ್ಡ ನೆನಪು ಬೇಕು, ಹಳೆಯದೆಲ್ಲ ಆಗ ಕಸ. ಬ್ರೌಸರ್‌ಗೆ ಕಾಣುವುದು ಸ್ಪೀಡಿನ ಅಂಕಿ ಮಾತ್ರ. ಇದು ಯಾವ ಬಗೆಯ ಬದಲಾವಣೆ ಅಂತ ಅದಕ್ಕೆ ಹೇಳುವವರಿಲ್ಲ. ಆದರೆ ನಿಮಗೆ ಗೊತ್ತಿರುತ್ತದೆ. ಇವತ್ತು ಎಷ್ಟು ಡೇಟಾ ಉಳಿದಿದೆ, ಕರೆಂಟ್ ಯಾವಾಗ ಹೋಗುತ್ತದೆ, ನಿಮ್ಮ ಓಣಿಯಲ್ಲಿ ನೆಟ್ ಯಾವ ಹೊತ್ತಿಗೆ ಮಲಗುತ್ತದೆ ಅನ್ನುವುದೆಲ್ಲ ನಿಮ್ಮ ತಲೆಯಲ್ಲಿದೆ, ಫೋನಿನ ಲೆಕ್ಕದಲ್ಲಿಲ್ಲ.

2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಫೈಲ್ ಕಾಪಿ ಮಾಡುವಾಗ ಸ್ಪೀಡಿನ ಗ್ರಾಫನ್ನೇ ತೋರಿಸಲು ಶುರು ಮಾಡಿದರು. ಅದು ಒಳ್ಳೆಯ ಹೆಜ್ಜೆ. ಗ್ರಾಫ್ ನೋಡಿದರೆ ಅಲುಗಾಟ ಯಾವುದು, ಮಟ್ಟ ಕುಸಿದದ್ದು ಯಾವುದು ಅಂತ ಕಣ್ಣೇ ಹೇಳುತ್ತದೆ. ನನ್ನ ಆಸೆ ಇನ್ನೊಂದು ಹೆಜ್ಜೆ ಮುಂದಿನದು. ಒಂದು ಗಿಡ್ಡ ನೆನಪಿನ ಸರಾಸರಿ, ಒಂದು ಉದ್ದ ನೆನಪಿನ ಸರಾಸರಿ ಎರಡನ್ನೂ ಇಟ್ಟುಕೊಳ್ಳಲಿ. ಎರಡೂ ಹೊಂದಿಕೊಂಡಾಗ ‘ಸುಮಾರು 6 ನಿಮಿಷ’ ಅನ್ನಲಿ. ಬೇರೆಯಾದಾಗ ‘4ರಿಂದ 15 ನಿಮಿಷ’ ಅನ್ನಲಿ. ‘ಇನ್ನು 7 ನಿಮಿಷ 43 ಸೆಕೆಂಡ್’ ಅಂತ ಹೇಳಿ ಹತ್ತು ನಿಮಿಷ ತಪ್ಪುವುದಕ್ಕಿಂತ ಅದು ಎಷ್ಟೋ ಮೇಲು. ಆ 43 ಸೆಕೆಂಡ್ ಅನ್ನುವ ಖಚಿತತೆ ಎಲ್ಲಿಂದಲೂ ಬಂದದ್ದಲ್ಲ.

ತಂತ್ರಾಂಶ ಹಾಗೆ ಹೇಳುವವರೆಗೆ ಕೈಲೆಕ್ಕದಲ್ಲೇ ಮಾಡಿಕೊಳ್ಳಬಹುದು. ಬಾಕಿ ಸಮಯವನ್ನು ನೋಡಬೇಡಿ, ಇಳಿದ ಎಂಬಿಯನ್ನು ನೋಡಿ. ಪ್ರತಿ ನಿಮಿಷಕ್ಕೆ ಎಷ್ಟು ಬಂತು ಅಂತ ಐದು ನಿಮಿಷ ಬರೆದುಕೊಳ್ಳಿ. 150, 40, 120, 30, 110 ಅಂತ ಬಂತು ಅನ್ನೋಣ. ಒಟ್ಟು 450, ನಿಮಿಷಕ್ಕೆ 90. ಇನ್ನೂ 1,400 ಎಂಬಿ ಬಾಕಿ ಇದ್ದರೆ 15-16 ನಿಮಿಷ. ಈಗ ಅದರಲ್ಲಿ ಅತಿ ನಿಧಾನದ ಎರಡು ನಿಮಿಷ ತಗೊಳ್ಳಿ, 40 ಮತ್ತು 30, ಸರಾಸರಿ 35. ಆ ಲೆಕ್ಕದಲ್ಲಿ 40 ನಿಮಿಷ. ನಿಮ್ಮ ಉತ್ತರ ‘15ರಿಂದ 40 ನಿಮಿಷ’. ಅಗಲ ಜಾಸ್ತಿ ಅನ್ನಿಸಬಹುದು, ಆದರೆ ಆ ನೆಟ್ ನಿಜಕ್ಕೂ ಅಷ್ಟು ಅಗಲವಾಗಿಯೇ ಅಲುಗಾಡುತ್ತಿದೆ. ಅರ್ಧ ತಾಸಿನಲ್ಲಿ ಹೊರಡಬೇಕಾದರೆ ನಂಬಿ ಕೂರುವ ಹಾಗಿಲ್ಲ.

ಹಾಗೆ ಹೊರಡಬೇಕಾದರೆ ಡೌನ್‌ಲೋಡನ್ನು ರದ್ದು ಮಾಡಬೇಡಿ, ಪಾಜ್ ಮಾಡಿ, ಅಂದರೆ ಸದ್ಯಕ್ಕೆ ನಿಲ್ಲಿಸಿ ಇಡಿ. ಬಹಳಷ್ಟು ಸರ್ವರ್‌ಗಳು ‘ಇಷ್ಟನೆಯ ಬೈಟ್‌ನಿಂದ ಮುಂದಿನದು ಕೊಡು’ ಅಂದರೆ ಅಷ್ಟನ್ನೇ ಕೊಡುತ್ತವೆ. ಒಮ್ಮೆ ಬಂದ 450 ಎಂಬಿಗೆ ಮತ್ತೆ ಡೇಟಾ ಸುಡಬೇಕಿಲ್ಲ. ಪಾಜ್ ಬಟನ್ ಕಾಣದಿದ್ದರೆ, ಅಥವಾ ಮತ್ತೆ ಶುರು ಮಾಡಿದಾಗ ಸೊನ್ನೆಯಿಂದ ಹೊರಟರೆ, ಆ ಸರ್ವರ್‌ಗೆ ಈ ಸೌಲಭ್ಯ ಇಲ್ಲ ಅಂತ ತಿಳಿಯಿರಿ. ಅಂಥ ಫೈಲನ್ನು ದಿನದ ಪಾಲು ಹೊಸದಾಗಿ ಬಂದ ಮೇಲೆ, ಓಣಿ ಏಳುವ ಮೊದಲು ಬೆಳಗಿನ ಜಾವದಲ್ಲಿ ಹಾಕುವುದು ಒಳ್ಳೆಯದು. ಆಗ ಟವರಿನ ಮೇಲೆ ಜನ ಕಡಿಮೆ, ಸ್ಪೀಡಿನ ಅಲುಗಾಟವೂ ಕಡಿಮೆ, ಪರದೆ ಹೇಳಿದ ನಿಮಿಷಕ್ಕೆ ಫೈಲ್ ಇಳಿಯುವ ಸಾಧ್ಯತೆ ಜಾಸ್ತಿ.